ಯಾರಿಗೆ ಬರಬೇಕಿತ್ತು ಪ್ರಶಸ್ತಿ

ಪತ್ರಿಕೆಯ ಸಿನಿಮಾ ಪುಟಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗೊಮ್ಮೆ ಈಗೊಮ್ಮೆ ದುರ್ಗಿಗುಡಿಯ ನಮ್ಮ ಮನೆಗೆ ಬರುತ್ತಾರೆ. ಯಾವ ನಟರನ್ನು ಹತ್ತಿರದಿಂದ ನೋಡಿದ್ದೀರಿ, ಯಾರ ಮನೆಯಲ್ಲಿ ಊಟ ಮಾಡಿದ್ದೀರಿ ಎಂದು ಕೇಳುತ್ತಾರೆ. ಅವರಿಗೆ ನಿರಾಸೆಯಾಗುವಂಥ ಉತ್ತರವನ್ನೇ ನಾನು ಕೊಡಬೇಕಾಗುತ್ತದೆ. ನಾನು ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿ ಕೆಲಸ ಮಾಡಿದವಳು. ನಟರು ನಮ್ಮೂರಿಗೆ ಬರುತ್ತಿದ್ದದ್ದು ಚಿತ್ರಮಂದಿರದ ಮುಂದೆ ಜೀಪಿನ ಮೇಲೆ ನಿಂತು ಕೈಬೀಸಿ ಹೋಗಲಿಕ್ಕೆ. ನನ್ನ ಕೆಲಸವೆಂದರೆ ಶುಕ್ರವಾರ ಮ್ಯಾಟಿನಿಗೆ ಹೋಗಿ ಕೂರುವುದು, ಸಂಜೆಯೊಳಗೆ ಬರೆದು ಕೊಡುವುದು, ಶನಿವಾರ ಬೆಳಿಗ್ಗೆ ಬೈಸಿಕೊಳ್ಳುವುದು. ವಿತರಕರು ಬೈಯುತ್ತಿದ್ದರು, ಅಭಿಮಾನಿ ಸಂಘದವರು ಬೈಯುತ್ತಿದ್ದರು, ಕೆಲವೊಮ್ಮೆ ನಮ್ಮದೇ ಜಾಹೀರಾತು ವಿಭಾಗದವರು ಮಾತು ಬಿಡುತ್ತಿದ್ದರು. ಇವೆಲ್ಲ ಅಭ್ಯಾಸವಾಗುತ್ತವೆ. ಅಭ್ಯಾಸವಾಗದೆ ಉಳಿದದ್ದು ಒಂದೇ, ವರ್ಷಕ್ಕೊಮ್ಮೆ ಪ್ರಶಸ್ತಿಗಳು ಪ್ರಕಟವಾದಾಗ ಎದೆಯಲ್ಲಿ ಏಳುವ ಸಂಕಟ. ಅದನ್ನೇ ಬರೆಯುತ್ತೇನೆ.

ನಾನು ಸೇರಿದಾಗ ಸುದ್ದಿ ಸಂಪಾದಕರಾಗಿದ್ದವರು ಗೋಪಾಲಯ್ಯನವರು. ಬಿಳಿ ಪಂಚೆ, ತೋಳಿನ ಬನಿಯನ್ ಕಾಣುವಂಥ ತೆಳು ಜುಬ್ಬ, ಬಾಯಲ್ಲಿ ಸದಾ ಎಲೆಅಡಿಕೆ. ಸಿನಿಮಾ ಎಂದರೆ ಅವರಿಗೆ ಪ್ರಾಣ, ಆದರೆ ಸಿನಿಮಾದ ಬಗ್ಗೆ ಬರೆಯುವುದು ಪತ್ರಿಕೆಯ ಕೆಲಸವೆಂದು ಅವರು ಒಪ್ಪುತ್ತಿರಲಿಲ್ಲ. ಪ್ರಶಸ್ತಿ ಪ್ರಕಟವಾದ ದಿನ ಕಚೇರಿ ಎರಡು ಪಂಗಡವಾಗುತ್ತಿತ್ತು. ಅದಕ್ಕೆ ಬರಬಾರದಿತ್ತು, ಇದಕ್ಕೆ ಬರಬೇಕಿತ್ತು ಎಂದು ಅಚ್ಚಿನ ಮೊಳೆ ಜೋಡಿಸುವವರಿಂದ ಹಿಡಿದು ಕ್ರೀಡಾ ವರದಿಗಾರರವರೆಗೆ ಎಲ್ಲರೂ ವಾದಕ್ಕಿಳಿಯುತ್ತಿದ್ದರು. ಆ ವಾದವನ್ನೇ ಬರೆಯುತ್ತೇನೆ ಎಂದು ನಾನು ಕೇಳಿದಾಗ ಗೋಪಾಲಯ್ಯನವರು ಕನ್ನಡಕದ ಮೇಲಿಂದ ನೋಡಿದರು. ಯಾರಿಗೆ ಬಂತು ಅನ್ನುವುದು ಸುದ್ದಿ, ಯಾರಿಗೆ ಬರಬೇಕಿತ್ತು ಅನ್ನುವುದು ಕಟ್ಟೆಯ ಹರಟೆ ಎಂದು ಹೇಳಿ ಕಳಿಸಿದರು.

ಅವರು ಮನಸ್ಸು ಬದಲಾಯಿಸಿದ್ದು ಅವರದೇ ಒಂದು ಎಡವಟ್ಟಿನಿಂದ. ನಮ್ಮೂರಿನ ನಾಟಕಗಳಲ್ಲಿ ಬೆಳೆದು ಸಿನಿಮಾಕ್ಕೆ ಹೋದ ಒಬ್ಬ ಪೋಷಕ ನಟರಿದ್ದರು. ಆ ವರ್ಷ ಅವರದೊಂದು ಪಾತ್ರ ಎಲ್ಲರ ಬಾಯಲ್ಲಿತ್ತು. ಪ್ರಶಸ್ತಿಯ ಪತ್ರಿಕಾಗೋಷ್ಠಿ ಮರುದಿನಕ್ಕೆ ಮುಂದೆ ಹೋಗಿತ್ತು. ಬೆಂಗಳೂರಿನ ಗೆಳೆಯರೊಬ್ಬರು ಫೋನ್ ಮಾಡಿ ಹೆಸರು ಖಚಿತ ಎಂದದ್ದನ್ನು ನಂಬಿ ಗೋಪಾಲಯ್ಯನವರು ಮುಖಪುಟದಲ್ಲಿ ಫೋಟೋ ಸಮೇತ ಹಾಕಿಸಿಬಿಟ್ಟರು. ಬೆಳಗ್ಗೆ ಆ ನಟರ ಬೀದಿಯಲ್ಲಿ ಮೈಸೂರುಪಾಕು ಹಂಚಿದ್ದೂ ಆಯಿತು. ಮಧ್ಯಾಹ್ನ ನಿಜವಾದ ಪಟ್ಟಿ ಬಂದಾಗ ಅದರಲ್ಲಿ ಬೇರೆಯವರ ಹೆಸರು.

ಗೋಪಾಲಯ್ಯನವರು ತಿದ್ದುಪಡಿ ಬರೆದಿಟ್ಟು, ನನ್ನನ್ನೂ ಕರೆದುಕೊಂಡು ಆ ನಟರ ತಾಯಿಯ ಮನೆಗೆ ಹೋದರು. ನಟರು ಊರಲ್ಲಿರಲಿಲ್ಲ. ತಾಯಿ ನಮ್ಮನ್ನು ಕೂರಿಸಿ ಕಾಫಿ ಕೊಟ್ಟರು. ಗೋಪಾಲಯ್ಯನವರು ಕ್ಷಮೆ ಕೇಳಲು ಮಾತು ಹುಡುಕುತ್ತ ಲೋಟವನ್ನು ತಿರುಗಿಸುತ್ತ ಕೂತಿದ್ದರು. ಆ ತಾಯಿಯೇ ಹೇಳಿದರು:

"ಬಿಡಿ ಸ್ವಾಮಿ. ನಿಮ್ಮ ಪೇಪರಲ್ಲಾದ್ರೂ ಬಂತಲ್ಲ ಅವನಿಗೆ."

ಹೊರಡುವಾಗ ಆ ದಿನದ ಪತ್ರಿಕೆಯ ಇನ್ನೊಂದು ಪ್ರತಿ ಇದ್ದರೆ ಕಳಿಸಿಕೊಡಿ, ಇದ್ದದ್ದನ್ನು ನೆಂಟರು ತೆಗೆದುಕೊಂಡು ಹೋದರು ಎಂದರು. ಕಚೇರಿಯ ಮೆಟ್ಟಿಲು ಹತ್ತುವಾಗ ಗೋಪಾಲಯ್ಯನವರು ನಿಂತು, "ಬರಬೇಕಿತ್ತು ಅನ್ನೋದನ್ನ ಇನ್ಮೇಲೆ ನೀನು ಬರಿ ಮಾರಾಯ್ತಿ," ಎಂದರು. "ಬಂತು ಅಂತ ಮಾತ್ರ ಮೊದಲೇ ಬರೆಯೋದು ಬೇಡ."

ಹೀಗೆ ಶುರುವಾದ ಅಂಕಣ ನಾನು ನಿವೃತ್ತಳಾಗುವವರೆಗೂ ನಡೆಯಿತು. ವಾದ ಮಾಡುವುದಕ್ಕೆಂದೇ ಆಯನೂರಿನಿಂದ, ಭದ್ರಾವತಿಯಿಂದ ಜನ ಬಸ್ಸು ಹತ್ತಿ ಕಚೇರಿಗೆ ಬರುತ್ತಿದ್ದರು. ಊರೆಲ್ಲ ವಾರಗಟ್ಟಲೆ ನಕ್ಕ ಒಂದು ಹಾಸ್ಯಚಿತ್ರಕ್ಕೆ ಅತ್ಯುತ್ತಮ ಚಿತ್ರ ಪ್ರಶಸ್ತಿ ಬರಬೇಕಿತ್ತು ಎಂದು ನಾನು ಒಮ್ಮೆ ಬರೆದಾಗ ಗೋಪಾಲಯ್ಯನವರೇ ತಿರುಗಿಬಿದ್ದರು, ನಗಿಸಿದವರಿಗೆ ಯಾರಾದರೂ ಪದಕ ಕೊಡುತ್ತಾರೆಯೇ ಎಂದು. ನಗಿಸುವುದು ಅಳಿಸುವುದಕ್ಕಿಂತ ಕಷ್ಟ ಎಂದು ನಾನು ಈಗಲೂ ಹೇಳುತ್ತೇನೆ. ಪ್ರಶಸ್ತಿಗೆಂದೇ ತೆಗೆದ ಚಿತ್ರಗಳನ್ನು ದೂರದಿಂದಲೇ ಗುರುತಿಸುವುದನ್ನು ಕಲಿತೆ. ಅವುಗಳಲ್ಲಿ ಬಡವರು ಬಹಳ ನಿಧಾನವಾಗಿ ನಡೆಯುತ್ತಾರೆ, ಯಾರೂ ಒಬ್ಬರನ್ನೊಬ್ಬರು ಬೈಯುವುದಿಲ್ಲ. ನಾನು ಬೆಳೆದ ಬೀದಿಯಲ್ಲಿ ಬಡವರು ಓಡಾಡುತ್ತಿದ್ದರು, ಚೆನ್ನಾಗಿಯೇ ಬೈದಾಡುತ್ತಿದ್ದರು.

ಕೆಲಸದ ರೀತಿಯೂ ಕಣ್ಣೆದುರೇ ಬದಲಾಯಿತು. ಮೊದಲು ಚಿತ್ರಮಂದಿರದಲ್ಲಿ ಜನರ ನಡುವೆ ಕೂತು ನೋಡುತ್ತಿದ್ದೆ. ಆಮೇಲೆ ಡಿಸ್ಕುಗಳು ಅಂಚೆಯಲ್ಲಿ ಬಂದವು. ಕೊನೆಗೆ ಫೋನಿಗೇ ಲಿಂಕು ಬರತೊಡಗಿತು, ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತ ಸಿನಿಮಾ ನೋಡುವವರು ಹುಟ್ಟಿಕೊಂಡರು. ಹೊಸಬರಿಗೆ ನಾನು ಹೇಳುವ ಒಂದೇ ಬುದ್ಧಿಮಾತು: ಸಾಧ್ಯವಾದರೆ ಜನರ ನಡುವೆ ಕೂತು ನೋಡಿ. ಪಕ್ಕದವರು ಉಸಿರು ಹಿಡಿದದ್ದು ಲಿಂಕಿನಲ್ಲಿ ಕೇಳುವುದಿಲ್ಲ.

ನಿವೃತ್ತಿಗೆ ಸ್ವಲ್ಪ ಮುಂಚೆ ನನ್ನನ್ನು ಒಂದು ದೊಡ್ಡ ಪ್ರಶಸ್ತಿಯ ಆಯ್ಕೆ ಸಮಿತಿಗೆ ಕರೆದರು. ಯಾವ ಪ್ರಶಸ್ತಿ, ಯಾವ ವರ್ಷ ಎಂದು ಬರೆಯುವುದಿಲ್ಲ. ಅಲ್ಲಿದ್ದವರೆಲ್ಲ ಸಭ್ಯರು, ಯಾರ ಮೇಲೂ ನನಗೆ ಸಿಟ್ಟಿಲ್ಲ. ಹೊರಗೆ ನಿಂತು ತೀರ್ಪನ್ನು ಪ್ರಶ್ನಿಸುತ್ತಿದ್ದವಳಿಗೆ ಒಳಗೆ ಕೂರುವ ಅವಕಾಶ ಬಂದಿತ್ತು, ಸಂಭ್ರಮವೇ ಆಗಿತ್ತು. ಬೆಂಗಳೂರಿಗೆ ಹೋದ ಮೇಲೆ ತಿಳಿಯಿತು, ಅದು ಕೂಲಿಯಂಥ ಕೆಲಸ. ಬೆಳಗ್ಗೆಯಿಂದ ಸಂಜೆಯವರೆಗೆ ಒಂದಾದ ಮೇಲೊಂದು ಚಿತ್ರ. ಊಟದ ನಂತರದ ಚಿತ್ರಗಳು ಅರ್ಧ ಸಮಿತಿಯ ನಿದ್ದೆಯನ್ನು ಎದುರಿಸಬೇಕು. ಒಳ್ಳೆಯ ಚಿತ್ರವೊಂದು ಯಾವ ಹೊತ್ತಿಗೆ ತೆರೆಗೆ ಬಂತು ಎಂಬುದರ ಮೇಲೂ ಅದರ ಹಣೆಬರಹ ನಿಂತಿರುತ್ತದೆ ಎಂದು ಹೊರಗಿದ್ದಾಗ ನನಗೆ ಹೊಳೆದೇ ಇರಲಿಲ್ಲ.

ಅಂಥದೊಂದು ಮಧ್ಯಾಹ್ನ 'ಎರಡನೇ ಸೈರನ್' ಎಂಬ ಚಿತ್ರ ಬಂತು. ನಿರ್ದೇಶಕ ನಾಗೇಶ, ಭದ್ರಾವತಿಯ ಹೊಸಮನೆಯವನು. ಬೀದಿನಾಟಕ ಮಾಡಿಸುತ್ತಿದ್ದ ಕಾಲದಿಂದ ನನಗೆ ಪರಿಚಿತ. ಇದನ್ನು ಅಧ್ಯಕ್ಷರಿಗೆ ಮೊದಲೇ ತಿಳಿಸಿದೆ. ಅಧ್ಯಕ್ಷರು ಹಿರಿಯ ನಿರ್ದೇಶಕರು, ನಿಧಾನದ ಮನುಷ್ಯ. ಎಲ್ಲರೂ ಯಾರದೋ ಊರಿನವರೇ ಅಲ್ಲವೇನಮ್ಮ, ನೋಡೋಣ ಎಂದರು.

ಕಥೆ ಸರಳ. ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಹೋದ ಗಂಡ. ಕೆಲಸ ಹೋದದ್ದು ಕ್ವಾರ್ಟರ್ಸಿನ ಸಾಲಿನಲ್ಲಿ ಯಾರಿಗೂ ಗೊತ್ತಾಗಬಾರದೆಂದು ಹೆಂಡತಿ ದಿನಾ ಬೆಳಗ್ಗೆ ಅವನ ಯೂನಿಫಾರ್ಮಿಗೆ ಇಸ್ತ್ರಿ ಮಾಡುತ್ತಾಳೆ, ಡಬ್ಬಿ ಕಟ್ಟುತ್ತಾಳೆ, ಪಾಳಿಯ ಸೈರನ್ನಿಗೆ ಮುಂಚೆ ಅವನನ್ನು ಹೊರಡಿಸುತ್ತಾಳೆ. ಅವನು ಹೋಗಿ ಭದ್ರಾ ಹೊಳೆಯ ದಂಡೆಯಲ್ಲಿ ಕೂತು ಬರುತ್ತಾನೆ. ಒಂದು ದಿನ ಅವನು ಡಬ್ಬಿ ಬಿಟ್ಟು ಹೊರಟುಬಿಡುತ್ತಾನೆ. ಹೆಂಡತಿ ಬಾಗಿಲಿಗೆ ಓಡಿ ಬರುತ್ತಾಳೆ. ಸಾಲಿನ ಹೆಂಗಸರೆಲ್ಲ ನಲ್ಲಿಯ ಹತ್ತಿರ ನಿಂತಿದ್ದಾರೆ, ಅವರ ಮುಖ ನೋಡಿದ ಕೂಡಲೇ ಎಲ್ಲರಿಗೂ ಯಾವಾಗಲೋ ಗೊತ್ತಾಗಿದೆ ಎಂದು ಅವಳಿಗೆ ತಿಳಿಯುತ್ತದೆ. ತಿಳಿದ ಮೇಲೂ ಅವಳು ಎಲ್ಲರಿಗೂ ಕೇಳುವಂತೆ ಕೂಗುತ್ತಾಳೆ: "ರೀ, ಡಬ್ಬಿ."

ಆ ಹೆಂಡತಿಯ ಪಾತ್ರ ಮಾಡಿದವಳು ಸೆಲ್ವಿ. ಭದ್ರಾವತಿಯ ನ್ಯೂ ಟೌನಿನ ತಮಿಳು ಮನೆಯ ಹೆಂಗಸು, ಅಪ್ಪ ಕಾರ್ಖಾನೆಯಲ್ಲಿ ದುಡಿದವನು, ಮನೆಯಲ್ಲೇ ಬ್ಲೌಸು ಹೊಲಿದುಕೊಡುವವಳು. ಅದಕ್ಕೆ ಮುಂಚೆ ಅವಳು ಕ್ಯಾಮೆರಾ ನೋಡಿದವಳಲ್ಲ. ಇಸ್ತ್ರಿ ಪೆಟ್ಟಿಗೆಯ ಬಿಸಿಯನ್ನು ಬೆರಳಿಗೆ ನೀರು ಹಚ್ಚಿ ನೋಡುವ ಒಂದು ದೃಶ್ಯವಿದೆ, ಅಷ್ಟರಲ್ಲೇ ಆ ಸಂಸಾರದ ಕಥೆಯೆಲ್ಲ ಇತ್ತು. ಆ ಮಧ್ಯಾಹ್ನ ಸಮಿತಿಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ.

ಕೊನೆಯ ದಿನ ಚರ್ಚೆ ಬಂದಾಗ ಅತ್ಯುತ್ತಮ ನಟಿಗೆ ಇಬ್ಬರ ಹೆಸರು ಉಳಿಯಿತು. ಒಬ್ಬರು ಹೆಸರಾಂತ ನಟಿ, ವಕೀಲೆಯ ಪಾತ್ರ ಮಾಡಿದ್ದರು, ಚೆನ್ನಾಗಿಯೇ ಮಾಡಿದ್ದರು. ಇನ್ನೊಬ್ಬಳು ಸೆಲ್ವಿ. ನಾನು ನನಗಿದ್ದ ಮಾತನ್ನೆಲ್ಲ ಖರ್ಚು ಮಾಡಿದೆ. ಆ ನಟಿ ಪಾತ್ರವನ್ನು ಕಟ್ಟಿದ್ದಾರೆ, ಕಟ್ಟಿದ್ದು ಕಾಣುತ್ತದೆ, ಸೆಲ್ವಿಯಲ್ಲಿ ಕಟ್ಟಿದ ಗುರುತೇ ಇಲ್ಲ ಎಂದೆ. ತನ್ನ ಬದುಕನ್ನೇ ಮಾಡಿದರೆ ಅದು ನಟನೆಯೇ ಎಂದು ಒಬ್ಬರು ಕೇಳಿದರು. ಕ್ಯಾಮೆರಾದ ಮುಂದೆ ನೀವು ನಿಮ್ಮ ಬದುಕನ್ನು ಬದುಕಿ ತೋರಿಸಿ, ಆಮೇಲೆ ಹೇಳಿ ಎಂದು ಅಧ್ಯಕ್ಷರೇ ಉತ್ತರ ಕೊಟ್ಟರು. ಗೆದ್ದೆವು ಅನ್ನಿಸಿತು.

ಆಗ ಅಲ್ಲಿಯವರೆಗೆ ಸುಮ್ಮನಿದ್ದ ಸದಸ್ಯರೊಬ್ಬರು ಮಾತಾಡಿದರು. ಅವರು ಧ್ವನಿಗ್ರಹಣದಲ್ಲಿ ಜೀವಮಾನ ಕಳೆದವರು. ಹೇಳಲು ಅವರಿಗೂ ಇಷ್ಟವಿದ್ದಂತೆ ಕಾಣಲಿಲ್ಲ.

"ಆಕೆ ಕೂಗುವಾಗ ಕತ್ತಿನ ನರ ಉಬ್ಬುತ್ತೆ. ದನಿ ಮಾತ್ರ ಕೂತ್ಕೊಂಡು ಮಾತಾಡಿದ ಹಾಗಿದೆ. ಇದು ಆಕೆಯ ದನಿ ಅಲ್ಲ."

ನಿಯಮ ಎಲ್ಲರಿಗೂ ಗೊತ್ತಿತ್ತು. ಮಾತಿಗೆ ಬೇರೆಯವರು ದನಿ ಕೊಟ್ಟಿದ್ದರೆ ನಟನೆಯ ಪ್ರಶಸ್ತಿಗೆ ಪರಿಗಣಿಸುವಂತಿಲ್ಲ. ನಾಗೇಶನಿಗೆ ಅಲ್ಲಿಂದಲೇ ಫೋನ್ ಮಾಡಿಸಿದರು. ಅವನು ಸುಳ್ಳು ಹೇಳಲಿಲ್ಲ. ಆಕೆಗೆ ಕನ್ನಡ ಬರುತ್ತದೆ, ಆದರೂ ಬೆಂಗಳೂರಿನ ಧಾರಾವಾಹಿಗಳಲ್ಲಿ ದನಿ ಕೊಡುವ ಹುಡುಗಿಯಿಂದ ಡಬ್ ಮಾಡಿಸಿದ್ದು ನಿಜ ಎಂದ.

ನಾನು ಸೋಲೊಪ್ಪಲಿಲ್ಲ. ಕನ್ನಡವೇ ಬಾರದೆ ತುಟಿ ಆಡಿಸಿ ಹೋಗುವವರಿಗಾಗಿ ಮಾಡಿದ ನಿಯಮ ಇದು, ಈ ಹೆಂಗಸಿಗೆ ಮಾತು ಬರುತ್ತದೆ, ಅವಳ ಮಾತನ್ನು ಬೇರೆಯವರು ಕಿತ್ತುಕೊಂಡಿದ್ದಾರೆ, ಅದಕ್ಕೆ ಶಿಕ್ಷೆಯೂ ಅವಳಿಗೇ ಆಗಬೇಕೇ ಎಂದು ಕೇಳಿದೆ. ವಿಶೇಷ ಪ್ರಶಂಸೆಯನ್ನಾದರೂ ಕೊಡೋಣವೆಂದೆ. ನಟನೆಗೆ ಎಂದು ಬರೆದ ಕೂಡಲೇ ಅದಕ್ಕೂ ಅದೇ ನಿಯಮ ಅನ್ವಯಿಸುತ್ತದೆ ಎಂದರು ಕಡತ ಹಿಡಿದು ಪಕ್ಕದಲ್ಲಿ ಕೂತಿದ್ದ ಪ್ರಶಸ್ತಿ ವಿಭಾಗದ ಅಧಿಕಾರಿ. ಅಧ್ಯಕ್ಷರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. "ನಿಯಮ ನಾವು ಮಾಡಿದ್ದಲ್ಲಮ್ಮ," ಎಂದರು. "ಮುರಿಯೋ ಅಧಿಕಾರವೂ ನಮಗೆ ಕೊಟ್ಟಿಲ್ಲ." ಇನ್ನೇನು ಹೇಳಲಿ. ಹೆಸರಾಂತ ನಟಿಗೆ ಪ್ರಶಸ್ತಿ ಹೋಯಿತು. ಅವರಿಗೆ ಬಂದದ್ದರಲ್ಲಿ ತಪ್ಪಿಲ್ಲ. ಮಾತು ಮುಖಕ್ಕೆ ಹೊಂದುವುದಿಲ್ಲ ಎಂಬ ಕೊರತೆ ಒಮ್ಮೆ ಕಿವಿಗೆ ಬಿದ್ದ ಮೇಲೆ ಚಿತ್ರದ ಬಗ್ಗೆಯೂ ಉಳಿದವರ ಉತ್ಸಾಹ ಇಳಿದು, 'ಎರಡನೇ ಸೈರನ್'ಗೆ ಯಾವ ವಿಭಾಗದಲ್ಲೂ ಏನೂ ಬರಲಿಲ್ಲ.

ಆ ವರ್ಷ ಅಂಕಣ ಬರೆಯಲಾಗಲಿಲ್ಲ. ಸಮಿತಿಯಲ್ಲಿದ್ದವರು ಒಳಗಿನದನ್ನು ಹೊರಗೆ ಬರೆಯುವಂತಿಲ್ಲ. ಬರಬೇಕಿದ್ದವರು ಯಾರು ಎಂದು ಅಷ್ಟು ಖಚಿತವಾಗಿ ಗೊತ್ತಿದ್ದದ್ದು ಅದೊಂದೇ ವರ್ಷ.

ನಾನು ಊರಿಗೆ ಬಂದ ವಾರದಲ್ಲೇ ನಾಗೇಶ ಮನೆಗೆ ಬಂದ. ಬೈಯುತ್ತಾನೆ ಎಂದುಕೊಂಡಿದ್ದೆ, ಅವನು ತನ್ನನ್ನೇ ಬೈದುಕೊಳ್ಳುತ್ತಿದ್ದ. ದುಡ್ಡು ಹಾಕಿ ಚಿತ್ರ ತಯಾರಿಸಿದವರು ಸೆಲ್ವಿಯ ಮಾತು ಕೇಳಿ ಇದನ್ನು ಬೆಂಗಳೂರಿನವರು ಕೇಳಿದರೆ ನಗುತ್ತಾರೆ, ತಮಿಳು ಬೆರೆತ ಈ ಕನ್ನಡ ನಾಯಕಿಗೆ ಹೊಂದುವುದಿಲ್ಲ ಎಂದು ಹಟ ಹಿಡಿದರಂತೆ. ಚಿತ್ರ ನಿಂತೇಹೋಗುತ್ತದೆ ಎಂಬ ಹೆದರಿಕೆಯಲ್ಲಿ ಇವನು ಒಪ್ಪಿದನಂತೆ. "ನ್ಯೂ ಟೌನಲ್ಲಿ ಎಲ್ರೂ ಹಂಗೇ ಮಾತಾಡ್ತಾರೆ ಅಕ್ಕ," ಎಂದ. "ನಾನೂ ಹಂಗೇ ಮಾತಾಡೋದು. ಅದನ್ನೇ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ." ಸೆಲ್ವಿಗೆ ಇದನ್ನು ಹೇಳಿರಲಿಲ್ಲ. ಭದ್ರಾವತಿಯ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನದ ದಿನ, ಬಂಧುಬಳಗದ ನಡುವೆ ಕೂತು ತೆರೆಯ ಮೇಲೆ ತಾನು ಬಾಯಿ ತೆರೆದಾಗಲೇ ಅವಳಿಗೆ ಗೊತ್ತಾದದ್ದು.

ನಾನು ಅವಳನ್ನು ನೋಡಲೇಬೇಕು ಅನ್ನಿಸಿತು. ಮುಂದಿನ ಭಾನುವಾರ ನಾಗೇಶನ ಜೊತೆ ನ್ಯೂ ಟೌನಿಗೆ ಹೋದೆ. ಅಗಲವಾದ ರಸ್ತೆ, ಎರಡೂ ಕಡೆ ದೊಡ್ಡ ಮರಗಳು, ಬೀಗ ಬಿದ್ದ ಕ್ವಾರ್ಟರ್ಸುಗಳ ನಡುವೆ ಅಲ್ಲೊಂದು ಇಲ್ಲೊಂದು ರಂಗೋಲಿ ಹಾಕಿದ ಅಂಗಳ. ಸೆಲ್ವಿ ಹೊಲಿಗೆ ಯಂತ್ರದ ಮೇಲಿನ ಬಟ್ಟೆಗಳನ್ನು ಎತ್ತಿಟ್ಟು ನಮಗೆ ಜಾಗ ಮಾಡಿದಳು. ತೆರೆಯ ಮೇಲೆ ಕಂಡದ್ದಕ್ಕಿಂತ ಸಣ್ಣಗಿದ್ದಳು. ಗೋಡೆಯ ಪಕ್ಕದ ಮಂಚದಲ್ಲಿ ಅವಳ ತಾಯಿ ಕೂತಿದ್ದರು. ಸಕ್ಕರೆ ಕಾಯಿಲೆಯಿಂದ ಅವರ ಎರಡೂ ಕಣ್ಣು ಹೋಗಿದ್ದವು.

ನಾನು ಪ್ರಶಸ್ತಿಯ ವಿಷಯ ಎತ್ತಿ, ಬರಬೇಕಿದ್ದದ್ದು ನಿನಗೇ ಕಣಮ್ಮ ಎಂದೆ. ಅವಳಿಗೆ ಅದು ಮುಟ್ಟಿದ ಹಾಗೆ ಕಾಣಲಿಲ್ಲ. ಟೀ ಲೋಟ ನನ್ನ ಕೈಗೆ ಕೊಟ್ಟು, ದನಿ ತಗ್ಗಿಸಿ ಹೇಳಿದಳು:

"ಪ್ರಶಸ್ತಿದು ಬೇಜಾರಿಲ್ಲ ಮೇಡಂ. ನಮ್ಮಮ್ಮಂಗೆ ಕಣ್ಣು ಕಾಣಲ್ಲ ಅಲ್ವಾ? ಕೇಳ್ಳಿ ಅಂತ ಟಾಕೀಸಿಗೆ ಕರ್ಕೊಂಡು ಹೋಗಿದ್ದೆ. ಮುಗಿಯೋವರ್ಗೂ ಕೇಳ್ತಾನೇ ಇದ್ರು, ನೀನು ಯಾವಾಗ ಬರ್ತೀಯ, ನೀನು ಯಾವಾಗ ಬರ್ತೀಯ ಅಂತ."

ನಾಗೇಶ ಎದ್ದು ಹೊರಗೆ ಹೋದ. ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ.

ಚಿತ್ರೀಕರಣದ ಹೊತ್ತಿನಲ್ಲೇ ಹಿಡಿದಿಟ್ಟುಕೊಳ್ಳುವ ಮೂಲ ದನಿಯನ್ನು ಪೈಲಟ್ ಎನ್ನುತ್ತಾರೆ. ಡಬ್ಬಿಂಗಿಗೆ ಆಧಾರವಾಗಿ ಬಳಸಿ ಆಮೇಲೆ ಮರೆತುಬಿಡುವಂಥದ್ದು. ಅದು ನಾಗೇಶನ ಹತ್ತಿರ ಉಳಿದಿತ್ತು. ಶಿವಮೊಗ್ಗದ ಅವನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನಾನು ಅದನ್ನು ಕೇಳಿದೆ. ಫ್ಯಾನಿನ ಸದ್ದು, ಹಿಂದೆ ಯಾರೋ ಕೆಮ್ಮುವುದು, ನಡುವೆ ಸೆಲ್ವಿಯ ಗಡಸು ದನಿ. ಡಬ್ ಮಾಡಿದ ಹುಡುಗಿ "ರೀ, ಡಬ್ಬಿ" ಎಂದು ಇಂಪಾಗಿ ಕರೆದಿದ್ದಳು. ಸೆಲ್ವಿ "ಏನ್ರೀ, ಡಬ್ಬಾ" ಎಂದು ಕೂಗಿದ್ದಳು. ಆ ಕೂಗು ಅರ್ಧದಲ್ಲಿ ಸೀಳಿ, ಕೊನೆಯ ಅಕ್ಷರ ಗಂಟಲಲ್ಲೇ ಉಳಿದಿತ್ತು. ಪ್ರಶಸ್ತಿಗೆ ಬಂದ ಚಿತ್ರಗಳನ್ನು ನೋಡುತ್ತಲೇ ಮುದುಕಿಯಾದವಳು ನಾನು. ಅಂಥ ಒಂದು ಪದವನ್ನು ಬೇರೆಲ್ಲೂ ಕೇಳಿರಲಿಲ್ಲ. ಅದನ್ನು ನಾವು ಒಂಬತ್ತು ಹತ್ತು ಜನ ತಜ್ಞರು ಕೂತ ಆ ಕೋಣೆಗೆ ಯಾರೂ ಕಳಿಸಿಯೇ ಇರಲಿಲ್ಲ.

ಸೆಲ್ವಿಯ ದನಿಯಲ್ಲೇ ಚಿತ್ರವನ್ನು ಮತ್ತೆ ಹೊರತರಬೇಕೆಂದು ನಾಗೇಶ ತುಂಬಾ ಓಡಾಡಿದ. ಚಿತ್ರದ ಹಕ್ಕು ಅವನದಾಗಿರಲಿಲ್ಲ, ತಯಾರಿಸಿದವರಿಗೆ ಆಸಕ್ತಿ ಮುಗಿದಿತ್ತು. ಅದು ಆಗಲಿಲ್ಲ. ಅವನು ಈಗ ಮಕ್ಕಳಿಗೆ ನಾಟಕ ಹೇಳಿಕೊಡುತ್ತಾನೆ, ಇನ್ನೊಂದು ಚಿತ್ರ ಮಾಡಲಿಲ್ಲ. ಸೆಲ್ವಿಗೆ ಧಾರಾವಾಹಿಯೊಂದರಿಂದ ಕರೆ ಬಂದಿತ್ತು. ಮಾತು ಯಾರದು ಎಂದು ಅವಳು ಮೊದಲೇ ಕೇಳಿದಳಂತೆ, ಅದನ್ನು ಆಮೇಲೆ ನೋಡೋಣ ಎಂದರಂತೆ. ಅವಳು ಹೋಗಲಿಲ್ಲ. ಅಧ್ಯಕ್ಷರು ತೀರಿಕೊಳ್ಳುವ ಮೊದಲು ಒಮ್ಮೆ ಫೋನಿನಲ್ಲಿ ಸಿಕ್ಕಾಗ, ಆ ಇಸ್ತ್ರಿ ಮಾಡುವ ಹೆಂಗಸು ಹೇಗಿದ್ದಾಳೆ ಎಂದು ಕೇಳಿದ್ದರು. ಹೊಲಿಯುತ್ತಿದ್ದಾಳೆ ಎಂದೆ. ಸಿನಿಮಾಕ್ಕೆ ಅವಳಿಂದ ಸಿಕ್ಕಿದ್ದು ಅದೊಂದೇ ಪಾತ್ರ, ಅದರಲ್ಲೂ ಅರ್ಧ. ಪ್ರಶಸ್ತಿ ಬಂದಿದ್ದರೆ ಬೇರೆಯಾಗುತ್ತಿತ್ತೇ ಎಂದು ಲೆಕ್ಕ ಹಾಕುತ್ತ ಕೂರುವುದು ಈಗ ನನ್ನ ಸಂಜೆಗಳ ಕೆಲಸ.

ಆದರೆ ಇವೆಲ್ಲ ಆಗುವ ಮೊದಲು, ಪೈಲಟ್ ಕೇಳಿದ ಹೊಸತರಲ್ಲಿ, ನಾಗೇಶ ಅದನ್ನು ಚಿತ್ರಕ್ಕೆ ಹೊಂದಿಸಿಕೊಂಡು ಲ್ಯಾಪ್‌ಟಾಪು, ಒಂದು ಸ್ಪೀಕರು ಹಿಡಿದು ನ್ಯೂ ಟೌನಿಗೆ ಹೊರಟ. ನನ್ನನ್ನೂ ಕರೆದ. ಸೆಲ್ವಿಯ ತಾಯಿಯ ಮಂಚದ ಪಕ್ಕದ ಸ್ಟೂಲಿನ ಮೇಲೆ ಸ್ಪೀಕರ್ ಇಟ್ಟೆವು. ಸೆಲ್ವಿ ಹೊಸ್ತಿಲ ಹತ್ತಿರ ಕೂತಳು. ತೆರೆಯ ಕಡೆ ಅವಳು ಒಮ್ಮೆಯೂ ನೋಡಲಿಲ್ಲ, ತಾಯಿಯ ಮುಖವನ್ನೇ ನೋಡುತ್ತಿದ್ದಳು.

ಮೊದಲ ಮಾತಿಗೇ ಆ ಮುದುಕಿ ನೆಟ್ಟಗೆ ಕೂತರು. ಆಮೇಲೆ ಕದಲಲಿಲ್ಲ. ಗಂಡನಿಗೆ ಬೈಯುವ ಕಡೆ ನಕ್ಕರು. ಡಬ್ಬಾ ಎಂಬ ಕೂಗು ಬಂದಾಗ ಅವರ ಕೈ ಗಾಳಿಯಲ್ಲಿ ಮಗಳನ್ನು ಹುಡುಕಿತು, ಸೆಲ್ವಿ ಬಂದು ಆ ಕೈ ಹಿಡಿದುಕೊಂಡಳು. ಚಿತ್ರ ಮುಗಿದ ಮೇಲೂ ಸ್ಪೀಕರಿನಿಂದ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಬರುತ್ತಿತ್ತು. ನಾಗೇಶ ಅದನ್ನು ನಿಲ್ಲಿಸಿದ.

ಮುದುಕಿ ನಮ್ಮ ಕಡೆ ಮುಖ ತಿರುಗಿಸಿ ಕೇಳಿದರು. "ಚೆನ್ನಾಗೇ ಮಾತಾಡಿದ್ದಾಳಲ್ಲಮ್ಮ. ಮತ್ತೆ ಯಾಕೆ ಬೇಡ ಅಂದ್ರು?"

ಅವರು ಕೇಳಿದ್ದು ದನಿಯ ಬಗ್ಗೆಯೋ ಪ್ರಶಸ್ತಿಯ ಬಗ್ಗೆಯೋ ನನಗೆ ಗೊತ್ತಾಗಲಿಲ್ಲ. ಯಾರಿಗೆ ಬರಬೇಕಿತ್ತು, ಯಾಕೆ ಬರಲಿಲ್ಲ ಎಂದು ಬರೆದೇ ಬದುಕಿದವಳು ನಾನು. ನಿಯಮ ಅಂತ ಒಂದಿದೆಯಮ್ಮ ಎಂದು ಶುರು ಮಾಡಿದೆ. ನಾಗೇಶ ವೈರು ಸುತ್ತುತ್ತ ತಲೆ ತಗ್ಗಿಸಿದ್ದ.

ಸೆಲ್ವಿ ತಾಯಿಯ ಕಿವಿಯ ಹತ್ತಿರ ಬಾಗಿ ತಮಿಳಿನಲ್ಲಿ ಏನೋ ಹೇಳಿದಳು. ಏನು ಹೇಳಿದೆ ಎಂದು ಆಮೇಲೆ ಕೇಳಿದೆ.

"ಈ ಸಲ ಬೇರೆಯವರ ಪಾಳಿ ಅಂತ ಹೇಳ್ದೆ ಮೇಡಂ."

ಕಾರ್ಖಾನೆಯ ಪಾಳಿಗಳ ಲೆಕ್ಕದಲ್ಲೇ ಸಂಸಾರ ಮಾಡಿದ ಮುದುಕಿಗೆ ಅದು ಅರ್ಥವಾಗಿತ್ತು. ತಲೆಯಾಡಿಸಿ ಗೋಡೆಗೆ ಒರಗಿಕೊಂಡು, ನಮಗೆ ಟೀ ಮಾಡಿಕೊಡು ಎಂದು ಮಗಳಿಗೆ ಹೇಳಿದರು.